ಕೊಡದೆ ಉಳಿದ ಚೀಟಿ

ಕಾರ್ಮಿಕ ಇಲಾಖೆಯ ಅಧಿಕಾರಿ ಹನ್ನೆರಡು ಅರ್ಜಿಗಳಲ್ಲಿ ಹನ್ನೊಂದನ್ನು ಒಂದು ಕಡೆ ಇಟ್ಟು, ಉಳಿದ ಒಂದರಲ್ಲಿ ತಾರೀಖಿನ ಸುತ್ತ ಪೆನ್ಸಿಲಿನಿಂದ ಗೆರೆ ಎಳೆದರು. ಆಮೇಲೆ ಅದನ್ನು ದೊಡ್ಡಕ್ಕನಿಗೆ ಕಾಣುವ ಹಾಗೆ ಮೇಜಿನ ಮೇಲೆ ತಿರುಗಿಸಿದರು.

"ಇದೊಂದು ಆಗಲ್ಲಮ್ಮ. ಕೆಲಸ ಹೋದ ದಿನದಿಂದ ಆರು ತಿಂಗಳ ಒಳಗೆ ಅರ್ಜಿ ಬರಬೇಕಿತ್ತು. ಒಂಬತ್ತು ದಿನ ದಾಟಿಹೋಗಿದೆ."

ಅದು ಇಸ್ತ್ರಿಯಕ್ಕನ ಅರ್ಜಿ. ಅವಳು ಹಿಂದಿನ ಗೋಡೆಗೆ ಒರಗಿಸಿದ್ದ ಬೆಂಚಿನ ಮೇಲೆ ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದಳು. ಹತ್ತು ವರ್ಷದವಳಿದ್ದಾಗ ಬಂದ ಜ್ವರ ಅವಳ ಕಿವಿಯನ್ನು ತೆಗೆದುಕೊಂಡು ಹೋಗಿತ್ತು. ಎದುರಿಗೆ ನಿಂತು ನಿಧಾನವಾಗಿ ಮಾತಾಡಿದರೆ ತುಟಿ ನೋಡಿ ಒಂದಿಷ್ಟು ಹಿಡಿಯುತ್ತಿದ್ದಳು. ಈಗ ಅವಳಿಗೆ ಎಲ್ಲರ ಬೆನ್ನು ಮಾತ್ರ ಕಾಣುತ್ತಿತ್ತು. ದೊಡ್ಡಕ್ಕ ತಿರುಗಿ ನೋಡಿದಾಗ ಅವಳು ಹುಬ್ಬು ಎತ್ತಿ ನಕ್ಕಳು, ಎಲ್ಲ ಮುಗಿಯಿತಾ ಎಂದು ಕೇಳುವ ಹಾಗೆ.

"ಒಂಬತ್ತೇ ದಿನ ಅಲ್ವಾ ಮೇಡಂ," ಎಂದ ಪಕ್ಕದಲ್ಲಿ ನಿಂತಿದ್ದ, ಲಾಂಡ್ರಿಯ ವ್ಯಾನ್ ಓಡಿಸುತ್ತಿದ್ದ ಡ್ರೈವರ್. "ನಿಮ್ಮ ಕಚೇರೀಲಿ ಒಂದು ಕಾಗದ ಈ ಮೇಜಿಂದ ಆ ಮೇಜಿಗೆ ಹೋಗೋಕೆ ಅಷ್ಟು ದಿನ ಬೇಕು."

ಅಧಿಕಾರಿ ನಗಲಿಲ್ಲ, ಸಿಟ್ಟಾಗಲೂ ಇಲ್ಲ. ಕನ್ನಡಕ ತೆಗೆದು ಸೆರಗಿನಿಂದ ಒರೆಸಿದರು. "ಒಂದೇ ದಿನ ದಾಟಿದ್ರೂ ಇದೇ ಮಾತು ಹೇಳ್ತಿದ್ದೆ. ಆದ್ರೆ ಇನ್ನೊಂದು ದಾರಿ ಇದೆ ನೋಡಿ. ಆ ಆರು ತಿಂಗಳೊಳಗೆ ಇವರು ಮಾಲೀಕರ ಹತ್ರ ಹಣ ಕೇಳಿ ಬರೆದುಕೊಟ್ಟಿದ್ರೆ ಅದು ಸಾಕು. ದೊಡ್ಡ ಪತ್ರಾನೇ ಬೇಕು ಅಂತಿಲ್ಲ. ತುಂಡು ಚೀಟಿ ಆದ್ರೂ ನಡೆಯುತ್ತೆ, ತಾರೀಖು ಇರಬೇಕು ಅಷ್ಟೇ. ಹಾಗೇನಾದ್ರೂ ಕೊಟ್ಟಿದ್ರಾ?"

ಡ್ರೈವರ್ ದೊಡ್ಡಕ್ಕನ ಮುಖ ನೋಡಿದ. ದೊಡ್ಡಕ್ಕ ಮೇಜಿನ ಗಾಜಿನ ಕೆಳಗಿದ್ದ ಯಾವುದೋ ಹಳೆಯ ಸುತ್ತೋಲೆಯನ್ನು ನೋಡುತ್ತಿದ್ದಳು.

"ಕೇಳಿ ನೋಡ್ಬೇಕು," ಎಂದಳು.

"ಗುರುವಾರದೊಳಗೆ ತನ್ನಿ. ಶುಕ್ರವಾರ ಕಡತ ಮೇಲಕ್ಕೆ ಹೋಗುತ್ತೆ."

ಮೆಟ್ಟಿಲು ಇಳಿಯುವಾಗ ಡ್ರೈವರ್ ದನಿ ತಗ್ಗಿಸದೆ ಹೇಳಿದ. ಇಸ್ತ್ರಿಯಕ್ಕ ಇದ್ದಾಗ ಯಾರೂ ದನಿ ತಗ್ಗಿಸುತ್ತಿರಲಿಲ್ಲ. "ಅರ್ಜಿ ಫಾರಂ ನಾನು ತಂದುಕೊಟ್ಟು ಐದು ವಾರ ಆಯ್ತು ದೊಡ್ಡಕ್ಕ. ಐದು ವಾರ ನಿಮ್ಮ ಮನೇಲೇ ಇತ್ತು. ಯಜಮಾನ್ರ ಮನಸ್ಸು ನೋಯುತ್ತೆ, ಸ್ವಲ್ಪ ತಡೀರಿ, ಸ್ವಲ್ಪ ತಡೀರಿ ಅಂದ್ರಿ. ಈಗ ನೋಡಿ."

ಐದು ವಾರದ ಮಾತು ಅವನಿಗೆ ಗೊತ್ತಿತ್ತು. ಚೀಟಿಯ ಮಾತು ಅವನಿಗೆ ಗೊತ್ತಿರಲಿಲ್ಲ.

ಅವರೆಲ್ಲ ಕೆಲಸ ಮಾಡುತ್ತಿದ್ದದ್ದು ಆಸ್ಪತ್ರೆ, ಹೋಟೆಲುಗಳ ಹಾಸಿಗೆ ಬಟ್ಟೆ ಒಗೆದುಕೊಡುವ ಲಾಂಡ್ರಿಯಲ್ಲಿ. ದಿನಕ್ಕೆ ಎಂಟುನೂರು ಚಾದರ, ಅಷ್ಟೇ ದಿಂಬಿನ ಚೀಲ, ಲೆಕ್ಕವಿಲ್ಲದಷ್ಟು ಟವೆಲು. ಒಗೆಯುವ ಯಂತ್ರಗಳು ತಿರುಗುತ್ತಿದ್ದರೆ ಪಕ್ಕದವರ ಕಿವಿಗೆ ಬಾಯಿಟ್ಟು ಕೂಗಿದರೂ ಕೇಳುತ್ತಿರಲಿಲ್ಲ. ಹಾಗಾಗಿ ಅಲ್ಲಿ ಎಲ್ಲರೂ ಕೈಯಲ್ಲೇ ಮಾತಾಡುತ್ತಿದ್ದರು, ಆ ಮಾತನ್ನು ಅವರಿಗೆಲ್ಲ ಕಲಿಸಿದವಳು ಇಸ್ತ್ರಿಯಕ್ಕ. ಬೆರಳಿನಿಂದ ಗಾಳಿಯಲ್ಲಿ ಚೌಕ ಬರೆದರೆ ಚಾದರ. ಕಣ್ಣಿನ ಸುತ್ತ ಎರಡು ಬೆರಳು ಇಟ್ಟರೆ ಕನ್ನಡಕದ ಯಜಮಾನರು. ಅಂಗೈಯನ್ನು ಕೆಳಮುಖ ಮಾಡಿ ಮೆಲ್ಲಗೆ ಒತ್ತಿದರೆ, ತಡಿ, ಕಾಯಿ. ಎಷ್ಟು ತಿಕ್ಕಿದರೂ ಕಲೆ ಹೋಗದ ಬಟ್ಟೆಗೆ, ಎರಡು ಬೆರಳಲ್ಲಿ ಹಿಡಿದು ಹಿಂದಕ್ಕೆ ಎಸೆಯುವ ಸನ್ನೆ. ಹೊಸಬರು ಬಂದರೆ ಒಂದು ವಾರ ಪೆದ್ದರ ಹಾಗೆ ನಿಲ್ಲುತ್ತಿದ್ದರು. ಹೊರಗಿನ ಜಗತ್ತಿನಲ್ಲಿ ಕಿವುಡಿ ಎನಿಸಿಕೊಂಡವಳು ಆ ಸದ್ದಿನೊಳಗೆ ಎಲ್ಲರಿಗಿಂತ ವಾಚಾಳಿ.

ದೊಡ್ಡಕ್ಕ ಅಲ್ಲಿ ಮೇಲ್ವಿಚಾರಕಿ. ಯಜಮಾನರು ಅವಳಿಗಿಂತ ಹದಿನೈದು ವರ್ಷ ದೊಡ್ಡವರಾದರೂ ಎಲ್ಲರ ಜೊತೆ ಸೇರಿ ಅವಳನ್ನು ದೊಡ್ಡಕ್ಕ ಎಂದೇ ಕರೆಯುತ್ತಿದ್ದರು. ಅವಳ ಮಗಳು ಮೂಳೆ ಮುರಿದುಕೊಂಡು ಎರಡು ತಿಂಗಳು ಆಸ್ಪತ್ರೆಯಲ್ಲಿದ್ದಾಗ ಒಂದು ದಿನದ ಸಂಬಳವನ್ನೂ ಹಿಡಿದಿರಲಿಲ್ಲ. ಅವರು ಕೆಟ್ಟವರಲ್ಲ ಎಂಬುದನ್ನು ಡ್ರೈವರ್ ಕೂಡ ಒಪ್ಪುತ್ತಿದ್ದ. "ಕೆಟ್ಟವರಾಗಿದ್ರೆ ಬೈದಾದ್ರೂ ಸಮಾಧಾನ ಮಾಡ್ಕೋಬಹುದಿತ್ತು," ಎನ್ನುತ್ತಿದ್ದ.

ದೊಡ್ಡ ಆಸ್ಪತ್ರೆ ತನ್ನದೇ ಒಗೆಯುವ ಯಂತ್ರ ತಂದುಕೊಂಡ ತಿಂಗಳೇ ಇಸ್ತ್ರಿಯಕ್ಕನ ಕೆಲಸ ಹೋಯಿತು. ಮೊದಲು ಹೋದವಳು ಅವಳೊಬ್ಬಳೇ. ಹದಿನೇಳು ವರ್ಷ ಇಸ್ತ್ರಿ ಹಾಕುವ ಬಿಸಿ ಉರುಳೆಯ ಮುಂದೆ ನಿಂತವಳಿಗೆ ಬರಬೇಕಾದ ಪರಿಹಾರದ ಹಣವನ್ನು ಮುಂದಿನ ತಿಂಗಳು ಕೊಡುತ್ತೇನೆ ಎಂದರು ಯಜಮಾನರು. ಮುಂದಿನ ತಿಂಗಳು ಹೋಟೆಲಿನವರೂ ಕೈಬಿಟ್ಟರು. ಅದರ ಮುಂದಿನ ತಿಂಗಳು ಒಣಗಿಸುವ ಕೋಣೆಯಲ್ಲಿ ಎಲ್ಲರನ್ನೂ ಕೂರಿಸಿ, ಲಾಂಡ್ರಿ ಮುಚ್ಚಬೇಕಾಗುತ್ತದೆ, ಯಾರಿಗೂ ಪರಿಹಾರ ಕೊಡಲು ತನ್ನಲ್ಲಿ ಏನೂ ಉಳಿದಿಲ್ಲ ಎಂದು ಹೇಳಿದರು. ಹೇಳುವಾಗ ಅವರು ನೆಲ ನೋಡುತ್ತಿದ್ದರು. ಕೇಳುವವರೂ ನೆಲ ನೋಡುತ್ತಿದ್ದರು.

ಆವತ್ತು ಏನೇನೋ ಮಾತು ಬಂತು. ವ್ಯಾನ್ ಮಾರಿ ಹಂಚಿಕೊಳ್ಳೋಣ ಎಂದ ಬಾಯ್ಲರ್ ನೋಡಿಕೊಳ್ಳುವ ಮುದುಕ. "ಅದರ ಅರ್ಧ ಬ್ಯಾಂಕಿಂದು, ಇನ್ನರ್ಧ ಮೆಕ್ಯಾನಿಕ್ಕಿಂದು. ನಮಗೆ ಹಾರನ್ ಉಳೀಬಹುದು," ಎಂದ ಡ್ರೈವರ್. ಯಂತ್ರಗಳೂ ಬ್ಯಾಂಕಿನ ಸಾಲಕ್ಕೆ ಅಡವಿದ್ದವು. ಕೋರ್ಟಿಗೆ ಹೋಗೋಣ ಎಂದರೆ, ಇಲ್ಲದವರ ಮೇಲೆ ಗೆದ್ದು ತರುವುದೇನು ಎಂಬ ಪ್ರಶ್ನೆ. ತಿಂಗಳು ತಿಂಗಳು ಅಷ್ಟಿಷ್ಟು ಕೊಡುತ್ತೇನೆ ಎಂದರು ಯಜಮಾನರು. ಅವರ ಅಂಗಿಯ ತೋಳಿನ ಹೊಲಿಗೆ ಬಿಚ್ಚಿದ್ದನ್ನು ನೋಡಿದ ಮೇಲೆ ಆ ಮಾತನ್ನು ಯಾರೂ ಮುಂದುವರಿಸಲಿಲ್ಲ. ಕೊನೆಗೆ ಡ್ರೈವರೇ ಎಲ್ಲೆಲ್ಲೋ ವಿಚಾರಿಸಿಕೊಂಡು ಬಂದ. ಮಾಲೀಕ ಕೊಡಲಾಗದಿದ್ದರೆ ಸರ್ಕಾರದ ನಿಧಿಯಿಂದ ಕೊಡುತ್ತಾರೆ, ಆಮೇಲೆ ಅವನಿಂದ ವಸೂಲು ಮಾಡಿಕೊಳ್ಳುತ್ತಾರೆ. ಆದರೆ 'ನನ್ನಿಂದ ಕೊಡಲು ಆಗುವುದಿಲ್ಲ' ಎಂದು ಮಾಲೀಕ ಬರೆದುಕೊಡಬೇಕು. ಆ ಒಂದು ಸಾಲು ಬರೆಸಿಕೊಳ್ಳುವ ಕೆಲಸ ದೊಡ್ಡಕ್ಕನ ಪಾಲಿಗೆ ಬಂತು. ಅವರು ಇವತ್ತು ನಾಳೆ ಎಂದರು, ಇವಳು ಒತ್ತಾಯಿಸಲಿಲ್ಲ. ಕೊನೆಗೆ ಅವರು ಬರೆದುಕೊಡುವವರೆಗೆ ಅರ್ಜಿಗಳು ಮಗಳ ಶಾಲೆಯ ಪತ್ರಗಳನ್ನಿಡುವ ಪ್ಲಾಸ್ಟಿಕ್ ಕವರಿನಲ್ಲಿ ಐದು ವಾರ ಕೂತವು.

ಅದೇ ಕವರಿನಲ್ಲಿ ಅವುಗಳಿಗೂ ಮುಂಚಿನಿಂದ ಆ ಚೀಟಿ ಇತ್ತು.

ಇಸ್ತ್ರಿಯಕ್ಕ ಕೆಲಸ ಕಳೆದುಕೊಂಡ ಒಂದು ತಿಂಗಳಿಗೆ ಲಾಂಡ್ರಿಯ ಬಾಗಿಲಿಗೆ ಬಂದು ಅದನ್ನು ದೊಡ್ಡಕ್ಕನ ಕೈಗೆ ಕೊಟ್ಟಿದ್ದಳು. ಕನ್ನಡಕದ ಸನ್ನೆ ಮಾಡಿ ಒಳಗೆ ಕೈ ತೋರಿಸಿದ್ದಳು: ಅವರಿಗೆ ಕೊಡು. ಬಟ್ಟೆ ಗಂಟಿಗೆ ಕಟ್ಟುವ ರಸೀದಿಯ ಹಿಂಬದಿಯಲ್ಲಿ, ಮೇಲೆ ಬಲಕ್ಕೆ ತಾರೀಖು ಹಾಕಿ, ದುಂಡಗೆ ಬರೆದಿತ್ತು. 'ನನಗೆ ಬರಬೇಕಾದ ಪರಿಹಾರದ ಹಣ ಯಾವಾಗ ಕೊಡುತ್ತೀರಿ? ಹದಿನೇಳು ವರ್ಷ ಕೆಲಸ ಮಾಡಿದ್ದೇನೆ. ದಯವಿಟ್ಟು ಬರೆದು ತಿಳಿಸಿ.' ದೊಡ್ಡಕ್ಕ ಅದನ್ನು ಹಿಡಿದು ಒಳಗೆ ಹೋದಾಗ ಯಜಮಾನರು ಬ್ಯಾಂಕಿನಿಂದ ಆಗಷ್ಟೇ ಬಂದು, ನೀರಿನ ಲೋಟ ಕೈಯಲ್ಲಿ ಹಿಡಿದುಕೊಂಡು ಕುಡಿಯುವುದನ್ನು ಮರೆತು ಕೂತಿದ್ದರು. ಅವಳು ಚೀಟಿಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ವಾಪಸ್ಸು ಬಂದಳು. ನಾಳೆ ಕೊಟ್ಟರಾಯಿತು ಎಂದುಕೊಂಡಳು. ಹದಿನೈದು ದಿನ ಬಿಟ್ಟು ಇಸ್ತ್ರಿಯಕ್ಕ ಬೀದಿಯಲ್ಲಿ ಸಿಕ್ಕಿ ಏನಂದರು ಎಂದು ಕೈಯಾಡಿಸಿ ಕೇಳಿದಾಗ, ದೊಡ್ಡಕ್ಕ ಅಂಗೈ ಕೆಳಗೆ ಮಾಡಿ ಮೆಲ್ಲಗೆ ಒತ್ತಿದಳು. ಕಾಯಿ. ಇಸ್ತ್ರಿಯಕ್ಕ ತಲೆಯಾಡಿಸಿ ಹೋದಳು. ಆಮೇಲೆ ಮತ್ತೆ ಕೇಳಲಿಲ್ಲ.

ಕಚೇರಿಯಿಂದ ಮನೆಗೆ ಬಂದು ದೊಡ್ಡಕ್ಕ ಕವರು ಬಿಚ್ಚಿ ಚೀಟಿಯನ್ನು ಹೊರಗೆ ತೆಗೆದಳು. ಗಂಡ ಬೇಕರಿಯ ಬೆಳಗಿನ ಪಾಳಿ ಮುಗಿಸಿ ಬಂದು ಮಂಚದ ಮೇಲೆ ಕಾಲು ಚಾಚಿದ್ದ. ಅವನಿಗೆ ಎಲ್ಲವನ್ನೂ ಹೇಳಿದಳು. ಅವನು ಚೀಟಿ ತೆಗೆದುಕೊಂಡು, ತಾರೀಖು ನೋಡಿ, ಹಿಂದೆ ಮುಂದೆ ತಿರುಗಿಸಿ, "ಸಲೀಸಾಯ್ತಲ್ಲ," ಎಂದ. "ಯಜಮಾನ್ರ ಹತ್ರ ಹೋಗು. ಆವತ್ತೇ ನಂಗೆ ಬಂತು ಅಂತ ಒಂದು ಸಹಿ ಹಾಕಿಸ್ಕೊಂಡು ಬಾ. ಅವಳಿಗೂ ದುಡ್ಡು ಬರುತ್ತೆ, ನಿನ್ನ ಮಾನವೂ ಉಳಿಯುತ್ತೆ."

"ಕೇಳಿದ್ರೆ ಅವರಿಗೆ ಸಂಕಟ ಆಗುತ್ತೆ ಅಂತಾನೇ ನಾನು ಕೊಡ್ಲಿಲ್ಲ."

ಗಂಡ ಅವಳನ್ನು ಸ್ವಲ್ಪ ಹೊತ್ತು ನೋಡಿದ. "ಅದೂ ನಿಜ ಇರಬಹುದು," ಎಂದು ಗೋಡೆಯ ಕಡೆ ತಿರುಗಿ ಮಲಗಿದ.

ಅವನಿಗೆ ಗೊತ್ತಿತ್ತು. ಗೊತ್ತಿರದೆ ಏನು? ಎಲ್ಲರೂ ಹೋದ ಮೇಲೂ ಎರಡು ತಿಂಗಳು ಅವಳಿಗೆ ಸಂಬಳ ಬಂದಿತ್ತು. ಕೊನೆಯವರೆಗೆ ನೀನಿರು, ಬಾಗಿಲು ಹಾಕುವ ಕೆಲಸ ನಿನ್ನದು ಎಂದು ಯಜಮಾನರು ಮೊದಲೇ ಹೇಳಿದ್ದರು. ಒಬ್ಬೊಬ್ಬರೇ ಬರೆದು ಕೇಳಲು ಶುರು ಮಾಡಿದರೆ ಅವರು ಹೆದರಿ ಅಂದೇ ಬಾಗಿಲು ಹಾಕಿಬಿಡಬಹುದು ಎಂಬ ಲೆಕ್ಕ, ಚೀಟಿ ಸೊಂಟಕ್ಕೆ ಹೋದ ಗಳಿಗೆಯಲ್ಲೇ ಅವಳ ತಲೆಯಲ್ಲಿ ಹಾದುಹೋಗಿತ್ತು. ಕರುಣೆ ಮೊದಲು ಬಂತೋ ಲೆಕ್ಕ ಮೊದಲು ಬಂತೋ, ಈಗ ಬಿಡಿಸಿ ನೋಡಿದರೆ ತಿಳಿಯುತ್ತಿರಲಿಲ್ಲ.

ಮರುದಿನ ಬೆಳಗ್ಗೆ ಲಾಂಡ್ರಿಗೆ ಹೋದಳು. ವಿದ್ಯುತ್ತು ಕಡಿದು ತಿಂಗಳುಗಳಾಗಿದ್ದರೂ ಯಜಮಾನರು ದಿನವೂ ಎಂಟು ಗಂಟೆಗೆ ಬಂದು ಬಾಗಿಲು ತೆಗೆಯುತ್ತಾರೆ ಎಂದು ಅವಳಿಗೆ ಗೊತ್ತಿತ್ತು. ಅವರು ಮೋಟು ಸ್ಟೂಲಿನ ಮೇಲೆ ಕೂತು ಇಸ್ತ್ರಿಯ ಉರುಳೆಯ ಕೀಲಿಗೆ ಎಣ್ಣೆ ಬಿಡುತ್ತಿದ್ದರು.

"ತುಕ್ಕು ಹಿಡಿದ್ರೆ ಬ್ಯಾಂಕಿನವರು ಏನಂದ್ಕೊಳ್ತಾರೆ," ಎಂದರು, ಅವಳು ಕೇಳದಿದ್ದರೂ.

ಕಚೇರಿಯಲ್ಲಿ ಕೇಳಿದ್ದನ್ನು ಹೇಳಿ ದೊಡ್ಡಕ್ಕ ಚೀಟಿ ಕೊಟ್ಟಳು. ಅವರು ಎಣ್ಣೆಯ ಬೆರಳು ತಾಗದ ಹಾಗೆ ಅಂಚಿನಲ್ಲಿ ಹಿಡಿದು, ದೂರಕ್ಕೆ ಚಾಚಿ ಓದಿದರು. ಇನ್ನೊಮ್ಮೆ ಓದಿದರು.

"ಇದು ನಂಗೆ ಬಂದೇ ಇಲ್ಲವಲ್ಲ."

"ನಾನೇ ಕೊಡ್ಲಿಲ್ಲ ಯಜಮಾನ್ರೇ. ಆವತ್ತು ನೀವು ಬ್ಯಾಂಕಿಂದ ಬಂದಿದ್ರಿ. ನಿಮ್ಮ ಮುಖ ನೋಡೋಕಾಗ್ಲಿಲ್ಲ."

ಅವರ ಕಣ್ಣು ತುಂಬಿದವು. ಅದನ್ನು ಕಂಡು ದೊಡ್ಡಕ್ಕನಿಗೆ ಓಡಿಹೋಗಬೇಕು ಅನಿಸಿತು. ಅವಳು ಅರ್ಧ ಹೇಳಿದ್ದಳು, ಅವರು ಅದನ್ನೇ ಇಡಿಯಾಗಿ ತೆಗೆದುಕೊಂಡಿದ್ದರು.

"ನನ್ನ ಮೇಲಿನ ಕನಿಕರಕ್ಕೆ ನೀನು ತಪ್ಪಿತಸ್ಥೆ ಆಗ್ಬೇಕಾ?" ಎಂದು ಅವರು ಎದ್ದು, ಕೈ ಒರೆಸಿಕೊಂಡು, ಮೇಜಿನ ಡ್ರಾಯರಿನಿಂದ ಲಾಂಡ್ರಿಯ ಹೆಸರಿದ್ದ ಹಾಳೆ ತೆಗೆದರು. ಕೇಳುವ ಮೊದಲೇ ಬರೆಯತೊಡಗಿದರು. 'ಈ ಚೀಟಿ ಅದೇ ದಿನ ನನ್ನ ಕೈಗೆ ಸೇರಿದೆ. ಉತ್ತರ ಕೊಡದೆ ಇದ್ದದ್ದು ನನ್ನ ತಪ್ಪು.' ಕೆಳಗೆ ಸಹಿ, ಸಹಿಯ ಮೇಲೆ ಮೊಹರು. ಐದು ವಾರ ಒಂದು ಸಾಲು ಬರೆಯಲು ಒದ್ದಾಡಿದ ಕೈ ಈ ಎರಡು ಸಾಲನ್ನು ಸರಾಗವಾಗಿ ಬರೆದುಬಿಟ್ಟಿತ್ತು.

"ಯಜಮಾನ್ರೇ, ಅವಳು ನಿಮ್ಮನ್ನ ತಪ್ಪು ತಿಳ್ಕೊಳ್ತಾಳೆ."

"ನನ್ನ ಹೆಸರು ಹೇಗೂ ಕೆಟ್ಟಿದೆ ದೊಡ್ಡಕ್ಕ. ಇನ್ನೊಬ್ಬರ ಹೆಸರು ಯಾಕೆ ಸೇರಿಸ್ಬೇಕು. ತಗೊಂಡು ಹೋಗು."

ಗುರುವಾರ ಕಚೇರಿಯಲ್ಲಿ ಜನ ಹೆಚ್ಚಿರಲಿಲ್ಲ. ಡ್ರೈವರಿಗೆ ಬೇರೆ ಕಡೆ ಕೆಲಸ ಸಿಕ್ಕಿದ್ದರಿಂದ ಬರಲಾಗಲಿಲ್ಲ. ದೊಡ್ಡಕ್ಕ ಮತ್ತು ಇಸ್ತ್ರಿಯಕ್ಕ ಇಬ್ಬರೇ ಮೇಜಿನ ಮುಂದಿನ ಕುರ್ಚಿಗಳಲ್ಲಿ ಕೂತರು. ಅಧಿಕಾರಿ ಚೀಟಿಯನ್ನೂ ಪತ್ರವನ್ನೂ ಓದಿ, "ಇದ್ರೆ ಮೊದಲೇ ಹೇಳ್ಬಾರದಿತ್ತಾ," ಎಂದು ಅರ್ಜಿಯ ಮೇಲಿನ ಪೆನ್ಸಿಲ್ ಗೆರೆಯನ್ನು ರಬ್ಬರಿನಿಂದ ಅಳಿಸಿದರು.

ಇಸ್ತ್ರಿಯಕ್ಕ ಮುಂದಕ್ಕೆ ಬಾಗಿ ತನ್ನದೇ ಚೀಟಿಯನ್ನು ಗುರುತಿಸಿದಳು. ಪಕ್ಕದಲ್ಲಿದ್ದ ಪತ್ರವನ್ನು ಎಳೆದುಕೊಂಡು ಓದಿದಳು. ಅವಳ ಕುತ್ತಿಗೆ ಕೆಂಪಾಯಿತು. ದೊಡ್ಡಕ್ಕನ ಕಡೆ ತಿರುಗಿ ಕಣ್ಣಿನ ಸುತ್ತ ಎರಡು ಬೆರಳು ಇಟ್ಟಳು. ಯಜಮಾನರು. ಆಮೇಲೆ ಅದೇ ಎರಡು ಬೆರಳಲ್ಲಿ ಏನನ್ನೋ ಹಿಡಿದು ಹಿಂದಕ್ಕೆ ಎಸೆದಳು. ಕಲೆ ಹೋಗದ ಬಟ್ಟೆ. ಚೀಟಿ ಕೈಗೆ ಬಂದಿದ್ದರೂ ಸುಮ್ಮನೆ ಕೂತಿದ್ದನಲ್ಲ ಮನುಷ್ಯ! ಅಷ್ಟು ಹೇಳಿ ಮುಗಿಸಿ ಅವಳು ದೊಡ್ಡಕ್ಕನ ಕೈಯನ್ನು ತನ್ನ ಎರಡೂ ಕೈಯಲ್ಲಿ ಹಿಡಿದು ಒತ್ತಿದಳು. ಹದಿನೇಳು ವರ್ಷದ ಆವಿಗೆ ಅವಳ ಬೆರಳ ತುದಿಗಳು ನುಣ್ಣಗೆ, ಗೆರೆಯೇ ಇಲ್ಲದ ಹಾಗೆ ಆಗಿದ್ದವು. ನೀನು ಕೊಟ್ಟಿದ್ದೆ, ನೀನು ಮರೆಯಲಿಲ್ಲ ಎನ್ನುತ್ತಿದ್ದವು ಆ ಕೈಗಳು.

ದೊಡ್ಡಕ್ಕ ಕೈ ಬಿಡಿಸಿಕೊಳ್ಳಲಿಲ್ಲ. ಅಧಿಕಾರಿಯ ಕಡೆ ನೋಡಿ ಕೇಳಿದಳು.

"ಮೇಡಂ, ಒಂದು ಮಾತು. ಈ ಚೀಟಿ ಯಜಮಾನ್ರ ಕೈಗೆ ಹೋಗದೆ, ಅಲ್ಲಿದ್ದ ಮೇಲ್ವಿಚಾರಕಿ ಕೈಗಷ್ಟೇ ಸಿಕ್ಕಿದ್ರೆ ಏನಾಗ್ತಿತ್ತು?"

"ಏನೂ ಆಗ್ತಿರ್ಲಿಲ್ಲ. ಮೇಲ್ವಿಚಾರಕರ ಕೈಗೆ ಕೊಟ್ರೂ ಮಾಲೀಕರಿಗೆ ಕೊಟ್ಟ ಹಾಗೇ. ಹಣ ಬರ್ತಿತ್ತು." ಅಧಿಕಾರಿ ಕನ್ನಡಕದ ಮೇಲಿಂದ ನೋಡಿದರು. "ಯಾಕೆ?"

ಯಾಕೂ ಇಲ್ಲ ಎನ್ನಬಹುದಿತ್ತು. ಹಣ ಹೇಗಿದ್ದರೂ ಬರುತ್ತಿತ್ತು. ಯಜಮಾನರು ತಾವಾಗಿ ಹೊತ್ತುಕೊಂಡಿದ್ದರು, ಗಂಡ ಗೋಡೆಯ ಕಡೆ ತಿರುಗಿ ಮಲಗಿದ್ದ, ಇಸ್ತ್ರಿಯಕ್ಕ ಕೈ ಹಿಡಿದು ಕೂತಿದ್ದಳು. ಬಾಯಿ ಬಿಡು ಎಂದು ಯಾರೂ ಕೇಳುತ್ತಿರಲಿಲ್ಲ.

"ಚೀಟಿ ನನ್ನ ಹತ್ರಾನೇ ಇತ್ತು," ಎಂದಳು. "ನಾನು ಕೊಡ್ಲೇ ಇಲ್ಲ. ಈ ಪತ್ರ ಯಜಮಾನ್ರು ಮೊನ್ನೆ ನನಗೋಸ್ಕರ ಬರೆದಿದ್ದು."

ಅಧಿಕಾರಿ ಪೆನ್ನು ಕೆಳಗಿಟ್ಟರು. ಯಜಮಾನರ ಪತ್ರವನ್ನು ಎರಡು ಬೆರಳಿನಿಂದ ದೊಡ್ಡಕ್ಕನ ಕಡೆಗೆ ಸರಿಸಿದರು. "ಇದನ್ನ ನಾನು ನೋಡಿಲ್ಲ. ಮನೆಗೆ ತಗೊಂಡು ಹೋಗಿ ಒಲೆಗೆ ಹಾಕಿ. ನೀವೇ ಒಂದು ಹೇಳಿಕೆ ಕೊಡಿ, ನಾನು ಬರ್ಕೊಳ್ತೀನಿ. ಇಂಥ ದಿನ ಚೀಟಿ ನನ್ನ ಕೈಗೆ ಬಂತು, ಮಾಲೀಕರಿಗೆ ತಲುಪಿಸಲಿಲ್ಲ. ಅಷ್ಟು ಸಾಕು."

ಅವರು ಬರೆದರು. ಇಸ್ತ್ರಿಯಕ್ಕ ಒಮ್ಮೆ ಇವರ ತುಟಿ, ಒಮ್ಮೆ ಅವರ ತುಟಿ ನೋಡುತ್ತ, ಹಿಡಿಯಲಾಗದೆ, ನಡುವೆ ಯಾವುದೋ ತೊಡಕು ಬಂದಿರಬೇಕು ಎಂದು ದೊಡ್ಡಕ್ಕನ ಕೈಯನ್ನು ಇನ್ನಷ್ಟು ಗಟ್ಟಿಯಾಗಿ ಹಿಡಿದಿದ್ದಳು.

"ಯಾಕೆ ಕೊಡ್ಲಿಲ್ಲ ಅನ್ನೋದನ್ನೂ ಬರೀರಿ ಮೇಡಂ."

"ಅದು ಕಡತಕ್ಕೆ ಬೇಕಾಗಿಲ್ಲ."

"ಅವಳಿಗೆ ಬೇಕು. ಅವಳಿಗೆ ಬೇರೆ ಹೇಗೆ ಹೇಳೋದು ನಾನು? ಬರೆದ್ರೆ ಓದ್ತಾಳೆ."

ಅಧಿಕಾರಿ ಪೆನ್ನನ್ನು ಮತ್ತೆ ಹಾಳೆಗೆ ಹಚ್ಚಿದರು. ಹೊರಗೆ ಯಾರೋ ಬೈಕ್ ಚಾಲೂ ಮಾಡಲು ಒದೆಯುತ್ತಿದ್ದ ಸದ್ದು. "ಹೇಳಿ," ಎಂದರು.

"ಯಜಮಾನ್ರಿಗೆ ಬೇಜಾರಾಗಬಾರದು ಅಂತ ಕೊಡ್ಲಿಲ್ಲ." ದೊಡ್ಡಕ್ಕ ನಿಲ್ಲಿಸಿದಳು. ಅವರು ಬರೆದು ಮುಗಿಸುವವರೆಗೆ ಕಾದಳು. "ಎಲ್ಲರೂ ಕೇಳೋಕೆ ಶುರು ಮಾಡಿದ್ರೆ ಅವರು ಬೇಗ ಬಾಗಿಲು ಹಾಕ್ತಾರೆ, ನನ್ನ ಸಂಬಳ ನಿಲ್ಲುತ್ತೆ ಅಂತಾನೂ ಕೊಡ್ಲಿಲ್ಲ. ಅವಳು ಕೇಳಿದಾಗ ಕಾಯಿ ಅಂದೆ. ಕಾಯೋಕೆ ಏನೂ ಇರ್ಲಿಲ್ಲ."

ಕೊನೆಯ ಮಾತು ಬರೆಯುವಾಗ ಅಧಿಕಾರಿಯ ಪೆನ್ನು ತಡೆದು ತಡೆದು ಹೋಯಿತು. ಹಾಳೆಯನ್ನು ತಿರುಗಿಸಿ ಕೊಟ್ಟರು. ದೊಡ್ಡಕ್ಕ ಕೆಳಗೆ ಸಹಿ ಹಾಕಿ, ಅದನ್ನು ತಾನೇ ಇಸ್ತ್ರಿಯಕ್ಕನ ಮುಂದೆ ಸರಿಸಿದಳು.

ಇಸ್ತ್ರಿಯಕ್ಕ ಒಂದು ಕೈಯಲ್ಲಿ ದೊಡ್ಡಕ್ಕನ ಕೈ ಹಿಡಿದಿದ್ದಂತೆಯೇ ಇನ್ನೊಂದು ಕೈಯ ಬೆರಳನ್ನು ಸಾಲಿನ ಕೆಳಗೆ ಇಟ್ಟು ಓದಿದಳು. ಬೆರಳು ಮೂರನೆಯ ಸಾಲಿನಲ್ಲಿ ನಿಂತಿತು. ಹಿಂದಕ್ಕೆ ಹೋಗಿ ಮತ್ತೆ ಬಂತು. ದೊಡ್ಡಕ್ಕನ ಕೈಯ ಮೇಲಿದ್ದ ಹಿಡಿತ ಯಾವಾಗ ಸಡಿಲವಾಯಿತೋ ತಿಳಿಯಲಿಲ್ಲ. ನೋಡಿದಾಗ ಅವಳ ಕೈ ಮೇಜಿನ ಅಂಚಿನ ಮೇಲೆ ಒಂಟಿಯಾಗಿ ಬಿದ್ದಿತ್ತು. ಇಸ್ತ್ರಿಯಕ್ಕ ಕೊನೆಯವರೆಗೆ ಓದಿ ತಲೆಯೆತ್ತಿದಳು.

ದೊಡ್ಡಕ್ಕ ಕೈ ಎತ್ತಿದಳು. ಲಾಂಡ್ರಿಯಲ್ಲಿ ಚಾದರಕ್ಕೆ ಸನ್ನೆ ಇತ್ತು, ಸೋಪಿಗೆ ಇತ್ತು, ಊಟಕ್ಕೆ, ಬಿಸಿಗೆ, ಬೆಂಕಿಗೆ, ಯಜಮಾನರ ಸಿಟ್ಟಿಗೂ ಇತ್ತು. ಇದಕ್ಕೆ ಇರಲಿಲ್ಲ. ಎತ್ತಿದ ಕೈ ಗಾಳಿಯಲ್ಲಿ ಸ್ವಲ್ಪ ಹೊತ್ತು ನಿಂತು ತೊಡೆಗೆ ಮರಳಿತು.

"ನಿಮ್ಮದೂ ನಾಳೆ ಹೋಗುತ್ತೆ," ಎಂದರು ಅಧಿಕಾರಿ, ಇಸ್ತ್ರಿಯಕ್ಕನ ಎದುರಿಗೆ ಮುಖ ತಂದು, ಒಂದೊಂದೇ ಮಾತನ್ನು ಬಿಡಿಸಿ. "ಎರಡು ತಿಂಗಳು. ಹಣ ಬರುತ್ತೆ."

ಇಸ್ತ್ರಿಯಕ್ಕ ಅವರಿಗೆ ಕೈ ಮುಗಿದಳು. ಎಲ್ಲಿ ಸಹಿ ಹಾಕಬೇಕು ಎಂದು ಸನ್ನೆಯಲ್ಲಿ ಕೇಳಿ, ತೋರಿಸಿದ ಕಡೆ ತನ್ನ ದುಂಡು ಅಕ್ಷರದಲ್ಲಿ ಸಹಿ ಹಾಕಿ, ಚೀಲ ತೆಗೆದುಕೊಂಡು ಎದ್ದಳು. ಮೆಟ್ಟಿಲಿನಲ್ಲಿ ಅವಳು ಮುಂದೆ, ದೊಡ್ಡಕ್ಕ ನಾಲ್ಕು ಮೆಟ್ಟಿಲು ಹಿಂದೆ. ರಸ್ತೆ ದಾಟುವಾಗ ಎಡದಿಂದ ಲಾರಿಯೊಂದು ಹಾರನ್ ಹೊಡೆಯುತ್ತ ಬಂತು. ದೊಡ್ಡಕ್ಕ ಅಭ್ಯಾಸದಂತೆ ಓಡಿಹೋಗಿ ಅವಳ ತೋಳು ಹಿಡಿದು ನಿಲ್ಲಿಸಿದಳು. ಲಾರಿ ಹೋಗುವವರೆಗೆ ಇಸ್ತ್ರಿಯಕ್ಕ ನಿಂತಳು. ಹೋದ ಮೇಲೆ ತೋಳನ್ನು ಮೆಲ್ಲಗೆ ಬಿಡಿಸಿಕೊಂಡು ರಸ್ತೆ ದಾಟಿದಳು.

ಇಬ್ಬರದೂ ಒಂದೇ ಬಸ್ಸು. ಮಧ್ಯಾಹ್ನದ ಹೊತ್ತು, ಒಳಗೆ ಆರೇಳು ಜನ ಇದ್ದರು. ಇಸ್ತ್ರಿಯಕ್ಕ ಮೊದಲು ಹತ್ತಿ ಕಿಟಕಿಯ ಪಕ್ಕ ಕೂತು, ಚೀಲವನ್ನು ಪಕ್ಕದ ಸೀಟಿನ ಮೇಲೆ ಇಟ್ಟಳು. ದೊಡ್ಡಕ್ಕ ಅವಳ ಸೀಟಿನ ಹತ್ತಿರ ಬಂದು ನಿಂತಳು. ಬಸ್ಸು ಹೊರಟಿತು.

"ಮುಂದೆಲ್ಲ ಖಾಲಿ ಇದೆಯಲ್ಲಮ್ಮ, ಕೂತ್ಕೊಳ್ಳಿ," ಎಂದ ಕಂಡಕ್ಟರ್.

"ಇರಲಿ," ಎಂದಳು ದೊಡ್ಡಕ್ಕ.

ಅವಳು ಎರಡು ಟಿಕೆಟ್ ತೆಗೆದುಕೊಂಡು, ಒಂದನ್ನು ಆ ಚೀಲದ ಮೇಲೆ ಇಟ್ಟಳು. ತಿರುವಿನಲ್ಲಿ ಗಾಳಿ ನುಗ್ಗಿದಾಗ ಟಿಕೆಟ್ ಎದ್ದಿತು. ಇಸ್ತ್ರಿಯಕ್ಕ ಕಿಟಕಿಯಿಂದ ಕಣ್ಣು ತೆಗೆಯದೆ ಅದರ ಮೇಲೆ ಒಂದು ಬೆರಳು ಇಟ್ಟಳು. ದೊಡ್ಡಕ್ಕ ಮೇಲಿನ ಕಂಬಿ ಹಿಡಿದು, ತನ್ನ ನಿಲ್ದಾಣ ಬರುವವರೆಗೂ ನಿಂತೇ ಇದ್ದಳು.